ಶ್ರೀಮತಿ ಸಾರಾ ಸಿಡನ್ಸ್: ರುದ್ರನಾಟಕದ ಮರ್ಮವನ್ನರಿತ ಮಹಿಳೆ

ನಮ್ಮ ಶಾಲೆಯ ಮೇಲ್ತರಗತಿಯ ಹುಡುಗಿಯರಿಗೆ ಶೇಕ್ಸ್‌ಪಿಯರ್ ಮಹಾಕವಿಯ ಮ್ಯಾಕ್‌ಬೆತ್ ನಾಟಕದ ಕಥೆಯನ್ನು ಓದಿಸಿದ ಮೇಲೆ, ಆ ಮ್ಯಾಕ್‌ಬೆತ್‌ನ ಹೆಂಡತಿಯು ಎಂಥವಳೆಂದು ಪ್ರಶ್ನೆ ಹಾಕುವುದು ನಮ್ಮ ವಾಡಿಕೆಯಾಗಿದೆ. ಅವಳು ರಾಕ್ಷಸಿ, ಅವಳಲ್ಲಿ ದಯೆಯೆಂಬುದೇ ಇಲ್ಲ, ಒಳ್ಳೆಯವನಾದ ಗಂಡನನ್ನು ಕೆಡಿಸಿದವಳು ಅವಳೇ ಎಂಬ ಉತ್ತರವು ಹೆಚ್ಚು ಕಡಿಮೆ ಎಲ್ಲರಿಂದಲೂ ಬರುವುದು. ಇದಕ್ಕಾಗಿ ಹುಡುಗಿಯರನ್ನು ಬಯ್ಯುವ ಅಧಿಕಾರವು ನಮಗಿಲ್ಲ. ನಾವೂ ಒಂದು ಕಾಲದಲ್ಲಿ ಬೆಂಚಿನ ಮೇಲೆ ಕುಳಿತು ಇದೇ ಉತ್ತರವನ್ನು ಅಂದವಾದ ಅಕ್ಷರಗಳಲ್ಲಿ ಬರೆದು ಒಳ್ಳೆಯ ಅಂಕಗಳನ್ನು ಸಂಪಾದಿಸಿದ್ದೆವು. ಆ ಅಂಕಗಳಿಗೆ ನಾವು ಅರ್ಹರಾಗಿರಲಿಲ್ಲವೆಂಬುದು ಬಹು ವರ್ಷಗಳ ತರುವಾಯ, ಉಪಾಧ್ಯಾಯಿನಿಯ ತರಬೇತಿಯನ್ನು ಮುಗಿಸಿ ಸ್ವತಃ ಪಾಠ ಹೇಳತೊಡಗಿದ ಮೇಲೆ, ಒಬ್ಬ ಮಹಿಳೆಯ ಜೀವನಚರಿತ್ರೆಯನ್ನು ಓದಿದಾಗ ನಮಗೆ ತಿಳಿದುಬಂತು. ಆ ಮಹಿಳೆಯು ಪಂಡಿತಳಲ್ಲ, ಕಾಲೇಜಿನ ಮೆಟ್ಟಿಲನ್ನು ಹತ್ತಿದವಳಲ್ಲ. ನಾಟಕದಲ್ಲಿ ವೇಷ ಹಾಕಿ ಮಕ್ಕಳನ್ನು ಸಾಕಿದವಳು. ಆಕೆಯ ಹೆಸರು ಸಾರಾ ಸಿಡನ್ಸ್. ಈ ಸಂಚಿಕೆಯನ್ನು ಕೈಯಲ್ಲಿ ಹಿಡಿದಿರುವ ಹಳೆಯ ವಿದ್ಯಾರ್ಥಿನಿಯರಿಗೂ ತಾಯಿತಂದೆಗಳಿಗೂ ಆಕೆಯ ಬಾಳನ್ನು ಸಂಗ್ರಹವಾಗಿ ತಿಳಿಸಬೇಕೆಂದು ನಾವು ಆಶಿಸುತ್ತೇವೆ.

ಸಾರಾ 1755ನೆಯ ಇಸವಿ ಜುಲೈ ತಿಂಗಳ 5ನೆಯ ತಾರೀಖಿನಲ್ಲಿ ವೇಲ್ಸ್ ಸೀಮೆಯ ಬ್ರೆಕನ್ ಎಂಬ ಊರಿನ ಒಂದು ಛತ್ರದಂಥ ಮನೆಯಲ್ಲಿ ಜನಿಸಿದಳು. ತಂದೆಯಾದ ರಾಜರ್ ಕೆಂಬಲನು ಊರಿಂದೂರಿಗೆ ಸಂಚರಿಸುತ್ತಿದ್ದ ಒಂದು ನಾಟಕ ಮಂಡಲಿಯ ಯಜಮಾನ, ತಾಯಿಯೂ ನಟಿ. ಹನ್ನೆರಡು ಮಕ್ಕಳಲ್ಲಿ ಈಕೆಯೇ ಹಿರಿಯಳು. ಆ ಕಾಲದಲ್ಲಿ ಸಂಚಾರಿ ನಟರಿಗೆ ಸಮಾಜದಲ್ಲಿ ಗೌರವವು ಬಹಳ ಕಡಿಮೆ. ಬಂಡಿಗಳಲ್ಲಿ ಸಾಮಾನು ಹೇರಿಕೊಂಡು ಹೋಗುವುದು, ಕೊಟ್ಟಿಗೆಯನ್ನೋ ಛತ್ರದ ಅಂಗಳವನ್ನೋ ರಂಗವನ್ನಾಗಿ ಮಾಡಿಕೊಳ್ಳುವುದು, ಜನ ಸೇರಿದರೆ ಊಟ, ಸೇರದಿದ್ದರೆ ಉಪವಾಸ. ಇಂಥ ಸ್ಥಿತಿಯಲ್ಲಿಯೂ ತಾಯಿಯು ಮಗಳ ವಿದ್ಯಾಭ್ಯಾಸವನ್ನು ಅಲಕ್ಷ್ಯ ಮಾಡಲಿಲ್ಲ. ಮಂಡಲಿಯು ತಂಗಿದ ಊರುಗಳಲ್ಲೆಲ್ಲ ಮಗಳನ್ನು ಶಾಲೆಗೆ ಕಳುಹಿಸುತ್ತಿದ್ದಳು. ವೂಸ್ಟರ್ ಪಟ್ಟಣದ ಒಂದು ಹೆಣ್ಣುಮಕ್ಕಳ ಶಾಲೆಯಲ್ಲಿ ಕುಲೀನರ ಹುಡುಗಿಯರು ಈ ನಟಿಯ ಮಗಳನ್ನು ಮೊದಲು ದೂರವಿಟ್ಟರೆಂದೂ, ಶಾಲೆಯ ನಾಟಕಕ್ಕೆ ಆಕೆಯು ಸಕ್ಕರೆ ಸುತ್ತುವ ದಪ್ಪ ಕಾಗದದಿಂದಲೇ ಉಡುಪನ್ನು ರಚಿಸಿಕೊಟ್ಟಾಗ ಎಲ್ಲರೂ ಗೆಳತಿಯರಾದರೆಂದೂ ಹೇಳುವರು. ಇನ್ನೂ ಚಿಕ್ಕವಳಾಗಿರುವಾಗಲೇ ಮಿಲ್ಟನ್ ಕವಿಯ ಕಾವ್ಯದಲ್ಲಿ ಆಕೆಗೆ ಅಪಾರವಾದ ಪ್ರೀತಿ ಹುಟ್ಟಿತು.

ಮಂಡಲಿಯಲ್ಲಿದ್ದ ವಿಲಿಯಂ ಸಿಡನ್ಸ್ ಎಂಬ ನಟನನ್ನು ಸಾರಾ ಮೆಚ್ಚಿದಳು. ತಾಯಿತಂದೆಗಳು ಇದಕ್ಕೆ ಒಪ್ಪದೆ ಆಕೆಯನ್ನು ವಾರಿಕ್ ಪಟ್ಟಣದ ಸಮೀಪದ ಗೈಸ್ ಕ್ಲಿಫ್ ಎಂಬ ದೊಡ್ಡ ಮನೆಗೆ ಯಜಮಾನಿಯ ಸೇವಕಿಯಾಗಿ ಕಳುಹಿಸಿಬಿಟ್ಟರು. ಅಲ್ಲಿ ಬಿಡುವಾದಾಗಲೆಲ್ಲ ಆಳುಗಳ ಕೋಣೆಯಲ್ಲಿ ಆಕೆಯು ಕವಿಗಳ ಪುಸ್ತಕಗಳನ್ನು ಗಟ್ಟಿಯಾಗಿ ಓದುತ್ತಿದ್ದಳಂತೆ. ಕೊನೆಗೆ ಹಿರಿಯರ ಮನಸ್ಸು ಕರಗಿತು. 1773ನೆಯ ನವೆಂಬರಿನಲ್ಲಿ, ಹದಿನೆಂಟನೆಯ ವಯಸ್ಸಿನಲ್ಲಿ, ಕಾವೆಂಟ್ರಿಯ ದೇವಾಲಯದಲ್ಲಿ ಮದುವೆಯಾಯಿತು. ಮರು ವರ್ಷವೇ ಹೆನ್ರಿಯೆಂಬ ಮಗನು ಹುಟ್ಟಿದನು.

ಇನ್ನು ಮುಂದೆ ಹೇಳುವ ಸಂಗತಿಯೇ ನಮ್ಮ ಲೇಖನಕ್ಕೆ ಬುಡವಾದದ್ದು. ಇಪ್ಪತ್ತು ವರ್ಷದವಳಾಗಿದ್ದಾಗ ಆಕೆಗೆ ಮ್ಯಾಕ್‌ಬೆತ್‌ನ ಹೆಂಡತಿಯ ಪಾತ್ರವನ್ನು ಮರುದಿನವೇ ಅಭಿನಯಿಸಬೇಕಾದ ಸಂದರ್ಭ ಬಂತು. ಮಾತುಗಳನ್ನು ಬಾಯಿಪಾಠ ಮಾಡಿದರೆ ಸಾಕು, ಪಾತ್ರವು ತಾನಾಗಿ ಕೈಸೇರುವುದೆಂದು ಆಗ ಆಕೆಯ ನಂಬಿಕೆ. ಒಂದು ಸ್ವಭಾವವನ್ನು ಬಿಡಿಸಿ ನೋಡಬೇಕು, ಅದು ಹೇಗೆ ಬೆಳೆಯುತ್ತದೆಂದು ವಿಚಾರಿಸಬೇಕು ಎಂಬುದು ಮನಸ್ಸಿಗೆ ಹೊಳೆದೇ ಇರಲಿಲ್ಲವೆಂದು ಮುಂದೆ ಆಕೆಯೇ ಬರೆದಿಟ್ಟಿದ್ದಾಳೆ. ಮನೆಯವರೆಲ್ಲರೂ ಮಲಗಿದ ತರುವಾಯ ಮೇಣದ ಬತ್ತಿಯನ್ನು ಹಚ್ಚಿಕೊಂಡು ಪುಸ್ತಕವನ್ನು ಹಿಡಿದಳು. ಓದುತ್ತ ಓದುತ್ತ ಅರಸನ ಕೊಲೆಯ ಭಾಗಕ್ಕೆ ಬರುವಷ್ಟರಲ್ಲಿ ಭಯವು ಆಕೆಯನ್ನು ಆವರಿಸಿತು. ದೀಪವನ್ನು ಕಸಿದುಕೊಂಡು ಮಹಡಿಯ ಮೆಟ್ಟಿಲುಗಳನ್ನು ಓಡಿ ಹತ್ತಿದಳು. ಉಟ್ಟಿದ್ದ ರೇಷ್ಮೆಯ ಉಡುಪು ಸರಸರನೆ ಸದ್ದು ಮಾಡುತ್ತಿರಲು, ಯಾವುದೋ ಭೂತವು ಬೆನ್ನಟ್ಟಿ ಬರುತ್ತಿದೆಯೆಂದು ತೋರಿತು. ಗಂಡನು ಮಲಗಿದ್ದ ಕೋಣೆಗೆ ನುಗ್ಗಿ, ದೀಪವನ್ನು ಆರಿಸುವ ಧೈರ್ಯವೂ ಇಲ್ಲದೆ ಮೇಜಿನ ಮೇಲೆ ಕುಕ್ಕಿ, ಉಟ್ಟ ಉಡುಪಿನಲ್ಲಿಯೇ ಹಾಸಿಗೆಯ ಮೇಲೆ ಬಿದ್ದುಕೊಂಡಳು. ಮರುದಿನ ಸಂಜೆ ರಂಗಕ್ಕೆ ಬಂದಾಗ ಪಾಠವು ಸರಿಯಾಗಿ ಬಾರದೆ ನಾಚಿಕೆಪಟ್ಟಳು. ಕೆಲಸವನ್ನು ನಾಳೆಗೆ ತಳ್ಳುವ ಅಭ್ಯಾಸವು ಅಂದಿಗೇ ಬಿಟ್ಟುಹೋಯಿತಂತೆ.

ಪರೀಕ್ಷೆಯ ಹಿಂದಿನ ರಾತ್ರಿ ಟಿಪ್ಪಣಿಗಳನ್ನು ಉರು ಹೊಡೆಯುವ ನಮ್ಮ ಹುಡುಗಿಯರಿಗೆ ಈ ಕಥೆಯನ್ನು ನಾವು ತಪ್ಪದೆ ಹೇಳುತ್ತೇವೆ. ಆದರೆ ಇದರಲ್ಲಿ ಸೋಮಾರಿತನದ ಮೇಲಿನ ಬುದ್ಧಿವಾದಕ್ಕಿಂತ ಹೆಚ್ಚಿನದೊಂದುಂಟು. ಪಾತ್ರದ ಒಳಹೊಕ್ಕು ನೋಡದವಳಿಗೂ ಕವಿಯ ಮಾತುಗಳು ಇಷ್ಟು ಭಯವನ್ನು ಹುಟ್ಟಿಸಿದುವು. ಹಾಗಾದರೆ ಆ ಮಾತುಗಳಲ್ಲಿ ಏನಿದೆ? ಈ ಪ್ರಶ್ನೆಯು ಆಕೆಯನ್ನು ಮುಂದಕ್ಕೆ ಕರೆದೊಯ್ದಿತು.

1775ನೆಯ ಇಸವಿಯ ಕೊನೆಯಲ್ಲಿ, ಎರಡನೆಯ ಶಿಶುವು ಹುಟ್ಟಿ ಎರಡು ತಿಂಗಳೂ ತುಂಬುವುದರೊಳಗೆ, ಲಂಡನ್ ನಗರದ ಡ್ರೂರಿ ಲೇನ್ ನಾಟಕಶಾಲೆಗೆ ಸಾರಾ ಬಂದಳು. ಅದರ ಯಜಮಾನನು ಸುಪ್ರಸಿದ್ಧ ನಟನಾದ ಡೇವಿಡ್ ಗ್ಯಾರಿಕ್. ಡಿಸೆಂಬರ್ 29ನೆಯ ತಾರೀಖಿನಂದು ವೆನಿಸ್ ವರ್ತಕನ ನಾಟಕದಲ್ಲಿ ಪೋರ್ಷಿಯಾಳಾಗಿ ರಂಗವನ್ನು ಹೊಕ್ಕಾಗ ಕಾಲು ನಡುಗಿತು, ದನಿ ಅಡಗಿತು. ಪ್ರೇಕ್ಷಕರು ಮೆಚ್ಚಲಿಲ್ಲ. ಮುಂದಿನ ಬೇಸಿಗೆಯಲ್ಲಿ ಬರ್ಮಿಂಗ್‌ಹ್ಯಾಮಿನಲ್ಲಿ ಆಡುತ್ತಿದ್ದಾಗ, ಇನ್ನು ನಿನ್ನ ಸೇವೆಯು ಬೇಡವೆಂಬ ಕಾಗದವು ಬಂತು. ಇದರಿಂದ ಆಕೆಯ ದೇಹಾರೋಗ್ಯವೇ ಕೆಟ್ಟಿತು. ಆದರೂ ಕೈಚೆಲ್ಲಿ ಕೂಡಲಿಲ್ಲ. ಮ್ಯಾಂಚೆಸ್ಟರ್, ಯಾರ್ಕ್ ಮೊದಲಾದ ಊರುಗಳಲ್ಲಿ ದುಡಿದು, 1778ರಿಂದ ಬಾತ್ ನಗರದಲ್ಲಿ ನಿಂತಳು. ಅಲ್ಲಿಯ ಮಂಡಲಿಯವರು ಬ್ರಿಸ್ಟಲಿನಲ್ಲಿಯೂ ಆಡಬೇಕಾಗಿದ್ದುದರಿಂದ ಒಂದೇ ವಾರದಲ್ಲಿ ಹಲವು ಪಾತ್ರಗಳು, ರಾತ್ರಿ ಪ್ರಯಾಣ, ಮನೆಗೆ ಬಂದು ಮಕ್ಕಳನ್ನು ಮಲಗಿಸಿ ಮತ್ತೆ ಪಾಠದ ಅಭ್ಯಾಸ. ನಾಲ್ಕು ವರ್ಷಗಳು ಹೀಗೆ ಸಂದುವು. ಲಂಡನ್ ಮತ್ತೆ ಕರೆದಾಗ, ಬಾತ್ ನಗರದ ಪ್ರೇಕ್ಷಕರಿಂದ ಅಪ್ಪಣೆ ಪಡೆಯಲು ತನ್ನ ಮೂವರು ಮಕ್ಕಳನ್ನು ರಂಗದ ಮೇಲೆ ಕರೆತಂದು, ಇವರೇ ನನ್ನನ್ನು ಇಲ್ಲಿಂದ ಹೊರಡಿಸುತ್ತಿರುವ ಮೂರು ಕಾರಣಗಳೆಂದು ತೋರಿಸಿದಳು. ಒಬ್ಬರ ಕಾರ್ಯದ ಹಿಂದಿರುವ ಕಾರಣವನ್ನು ಇದಕ್ಕಿಂತ ಸ್ಪಷ್ಟವಾಗಿ ಯಾರು ತಿಳಿಸಿಯಾರು?

1782ನೆಯ ಅಕ್ಟೋಬರ್ 10ನೆಯ ತಾರೀಖಿನಲ್ಲಿ ಡ್ರೂರಿ ಲೇನಿನಲ್ಲಿ ಇಸಬೆಲ್ಲಾ ಎಂಬ ದುಃಖಿತೆಯಾದ ತಾಯಿಯ ಪಾತ್ರವನ್ನು ಆಕೆಯು ವಹಿಸಿದಳು. ಎಂಟು ವರ್ಷದ ಮಗ ಹೆನ್ರಿಯೇ ನಾಟಕದ ಮಗುವಾಗಿದ್ದನು. ಅಭ್ಯಾಸದ ವೇಳೆಯಲ್ಲಿ ತಾಯಿಯು ಸಾಯುವಂತೆ ನಟಿಸಿದಾಗ ನಿಜವಾಗಿಯೂ ಸಾಯುತ್ತಿರುವಳೆಂದು ನಂಬಿ ಆ ಹುಡುಗನು ಬಿಕ್ಕಿ ಬಿಕ್ಕಿ ಅತ್ತುಬಿಟ್ಟನು. ಅಂದಿನ ಪ್ರೇಕ್ಷಕರೂ ಅತ್ತರು. ಆರು ವರ್ಷಗಳ ಹಿಂದೆ ಬೇಡವೆಂದು ಕಳುಹಿಸಿದ ನಗರವೇ ಈಗ ಆಕೆಯನ್ನು ತಲೆಯ ಮೇಲೆ ಹೊತ್ತಿತು. ಅರಸನ ಮಕ್ಕಳಿಗೆ ಇಂಗ್ಲಿಷ್ ವಾಚನವನ್ನು ಕಲಿಸುವ ಗೌರವವು ದೊರೆಯಿತು. ಚಿತ್ರಕಾರನಾದ ರೆನಾಲ್ಡ್ಸ್ 1784ರಲ್ಲಿ ಆಕೆಯನ್ನು ರುದ್ರನಾಟಕದ ಅಧಿದೇವತೆಯಂತೆ ಸಿಂಹಾಸನದ ಮೇಲೆ ಕುಳ್ಳಿರಿಸಿ ಚಿತ್ರಿಸಿ, ತನ್ನ ಹೆಸರನ್ನು ಆಕೆಯ ಉಡುಪಿನ ಅಂಚಿನ ಮೇಲೆ ಬರೆದನು. ಆ ಚಿತ್ರವು ಈಗ ಅಮೆರಿಕದ ಕ್ಯಾಲಿಫೋರ್ನಿಯಾದಲ್ಲಿರುವ ಹಂಟಿಂಗ್‌ಟನ್ ಸಂಗ್ರಹಾಲಯದಲ್ಲಿದೆ.

ಆದರೆ ಅದೇ 1784ರ ಶರತ್ಕಾಲದಲ್ಲಿ ಇನ್ನೊಂದು ಸಂಗತಿಯು ನಡೆಯಿತು. ಕಾಯಿಲೆಯಿಂದ ನರಳುತ್ತಿದ್ದ ಜೊತೆಯ ನಟರ ಸಹಾಯಾರ್ಥದ ಆಟಗಳಲ್ಲಿ ಭಾಗವಹಿಸಲು ಆಕೆಯು ಒಪ್ಪಲಿಲ್ಲ, ಹಣ ಕೇಳಿದಳು, ಕೃಪಣಳು ಎಂಬ ಗಾಳಿಮಾತು ಹಬ್ಬಿತು. ಏಕೆ, ಏನು, ನಡೆದದ್ದು ಹೇಗೆಂದು ವಿಚಾರಿಸುವ ತಾಳ್ಮೆ ಯಾರಿಗೂ ಇರಲಿಲ್ಲ. ಅಕ್ಟೋಬರಿನಲ್ಲಿ ಆಕೆಯು ರಂಗಕ್ಕೆ ಬಂದೊಡನೆ ಜನರು ಕೂಗಿ, ಸಿಳ್ಳು ಹಾಕಿ ಅವಮಾನಪಡಿಸಿದರು. ಆಕೆಯು ಮೂರ್ಛೆ ಹೋದಳು. ಚೇತರಿಸಿಕೊಂಡು ಮತ್ತೆ ಬಂದು, ಆಪಾದನೆಯನ್ನು ಎಲ್ಲರೆದುರು ನಿರಾಕರಿಸಿ, ತನ್ನ ಪಾತ್ರವನ್ನು ಕೊನೆಯವರೆಗೆ ನಡೆಸಿದಳು. ಕಾರಣವನ್ನು ಕೇಳದೆ ಹೆಸರಿಡುವುದೆಂದರೆ ಏನೆಂಬುದನ್ನು ಆಕೆಯು ಹೀಗೆ ಸ್ವಂತ ಅನುಭವದಿಂದ ಅರಿತಳು. ಇದಾಗಿ ನಾಲ್ಕು ತಿಂಗಳಿಗೆ, 1785ನೆಯ ಫೆಬ್ರವರಿ 2ನೆಯ ತಾರೀಖಿನಲ್ಲಿ, ಲಂಡನಿನ ಪ್ರೇಕ್ಷಕರ ಮುಂದೆ ಮೊದಲನೆಯ ಸಲ ಮ್ಯಾಕ್‌ಬೆತ್‌ನ ಹೆಂಡತಿಯಾಗಿ ನಿಂತಳು.

ವಾಚಕರಲ್ಲಿ ಕಥೆಯನ್ನು ಮರೆತವರಿರಬಹುದು. ಮ್ಯಾಕ್‌ಬೆತ್ ಸ್ಕಾಟ್ಲೆಂಡಿನ ಸೇನಾಪತಿ. ನೀನು ಅರಸನಾಗುವೆಯೆಂದು ಮೂವರು ಮಾಟಗಾತಿಯರು ಅವನಿಗೆ ಹೇಳುತ್ತಾರೆ. ಅವನು ಅದನ್ನು ಹೆಂಡತಿಗೆ ಬರೆದು ತಿಳಿಸುತ್ತಾನೆ. ಅದೇ ರಾತ್ರಿ ಅರಸನಾದ ಡಂಕನ್ ಅವರ ಮನೆಗೆ ಅತಿಥಿಯಾಗಿ ಬರುತ್ತಾನೆ. ಹೆಂಡತಿಯ ಪ್ರೇರಣೆಯಿಂದ ಗಂಡನು ನಿದ್ರಿಸುತ್ತಿರುವ ಅರಸನನ್ನು ಇರಿದು ಕೊಂದು ಸಿಂಹಾಸನವನ್ನೇರುತ್ತಾನೆ. ಆಮೇಲೆ ಒಂದು ಕೊಲೆಯನ್ನು ಮುಚ್ಚಲು ಇನ್ನೊಂದು, ಅದನ್ನು ಮುಚ್ಚಲು ಮತ್ತೊಂದು. ಅವನ ಹೃದಯವು ಕಲ್ಲಾಗುತ್ತದೆ. ಆಕೆಯ ಹೃದಯವು ಒಡೆಯುತ್ತದೆ. ನಿದ್ರೆಯಲ್ಲಿ ಎದ್ದು ನಡೆಯುತ್ತ, ಕೈಗಂಟಿದ ರಕ್ತವನ್ನು ತೊಳೆಯುತ್ತಿರುವಂತೆ ಉಜ್ಜಿಕೊಳ್ಳುತ್ತ, ಕೊನೆಗೆ ಮರಣಹೊಂದುತ್ತಾಳೆ. ನಮ್ಮ ಕನ್ನಡದಲ್ಲಿಯೂ ಈ ಕಥೆಗೆ ಬಹುಕಾಲದ ಪರಿಚಯವುಂಟು. ಎಂ. ಎಲ್. ಶ್ರೀಕಂಠೇಶಗೌಡರು ಇದನ್ನೇ ಅನುಸರಿಸಿ ಪ್ರತಾಪರುದ್ರದೇವ ಎಂಬ ನಾಟಕವನ್ನು ಹತ್ತೊಂಬತ್ತನೆಯ ಶತಮಾನದ ಕೊನೆಯಲ್ಲಿಯೇ ರಚಿಸಿದ್ದರು.

ಶ್ರೀಮತಿ ಸಿಡನ್ಸಳು ಈ ಪಾತ್ರವನ್ನು ಕುರಿತು ತನ್ನ ಅಭಿಪ್ರಾಯಗಳನ್ನು ಬರೆದಿಟ್ಟಳು. ಆಕೆಯು ಗತಿಸಿದ ಮೇಲೆ 1834ರಲ್ಲಿ ಕವಿಯಾದ ಥಾಮಸ್ ಕ್ಯಾಂಬೆಲ್ ತಾನು ಬರೆದ ಆಕೆಯ ಚರಿತ್ರೆಯಲ್ಲಿ ಅವನ್ನು ಅಚ್ಚು ಹಾಕಿಸಿದನು. ಅವನ್ನು ಓದಿದವರಿಗೆ ಆಶ್ಚರ್ಯವಾಗದಿರದು. ರಂಗದ ಮೇಲೆ ಸಿಡನ್ಸಳನ್ನು ಕಂಡವರು ಎತ್ತರವಾದ ನಿಲುವು, ಕಪ್ಪು ಕಣ್ಣುಗಳು, ನಡುಕ ಹುಟ್ಟಿಸುವ ದನಿ ಇವನ್ನೇ ಸ್ಮರಿಸುತ್ತಿದ್ದರು. ಆದರೆ ಆಕೆಯ ಮನಸ್ಸಿನಲ್ಲಿದ್ದ ಮ್ಯಾಕ್‌ಬೆತ್‌ನ ಹೆಂಡತಿಯು ಚೆಲುವೆ, ಕೋಮಲೆ, ಪ್ರಾಯಶಃ ಹೊಂಬಣ್ಣದ ಕೂದಲಿನ ಸಣ್ಣ ಮೈಯವಳು. ರಾಕ್ಷಸಿಯಲ್ಲ, ಮಹತ್ವಾಕಾಂಕ್ಷೆಯೆಂಬ ಜ್ವರವು ತಗಲಿ ತನ್ನ ಸ್ತ್ರೀಸಹಜವಾದ ಮಾರ್ದವವನ್ನು ತಾನೇ ಒತ್ತಿ ಹಿಡಿದವಳು.

ಈ ಅಭಿಪ್ರಾಯಕ್ಕೆ ಆಧಾರವೆಲ್ಲಿ? ಅದು ಕವಿಯ ಅಲಂಕಾರಗಳಲ್ಲಿಯೇ ಇದೆ. ಅಲಂಕಾರವೆಂಬ ಹೆಸರು ಕೆಲವು ವೇಳೆ ನಮ್ಮನ್ನು ದಾರಿ ತಪ್ಪಿಸುವುದು. ಒಡವೆಯಂತೆ ಮೇಲೆ ತೊಡಿಸಿದ್ದು, ತೆಗೆದಿಟ್ಟರೆ ನಷ್ಟವಿಲ್ಲದ್ದು ಎಂದು ಹುಡುಗಿಯರು ತಿಳಿಯುತ್ತಾರೆ; ಉಪಮೆಯನ್ನು ಗುರುತಿಸಿ ಕೆಳಗೆ ಗೆರೆ ಎಳೆದರೆ ಕೆಲಸವು ಮುಗಿಯಿತೆಂದು ಭಾವಿಸುತ್ತಾರೆ. ಈ ನಾಟಕದಲ್ಲಿಯಾದರೋ ಪಾತ್ರವು ಬಾಯಿಬಿಟ್ಟು ಹೇಳದ ಕಾರಣವನ್ನು ಅಲಂಕಾರವೇ ಹೇಳಿಬಿಡುತ್ತದೆ. ಹಾಲಿನ ಪ್ರತಿಮೆಯನ್ನು ನೋಡಿರಿ. ಆಕೆಯು ಗಂಡನ ಮೃದುತನವನ್ನು ಹಾಲಿಗೆ ಹೋಲಿಸಿ, ಅದು ಅವನಲ್ಲಿ ಹೆಚ್ಚಾಯಿತೆಂದು ಚಿಂತಿಸುತ್ತಾಳೆ. ಸ್ವಲ್ಪ ಹೊತ್ತಿನಲ್ಲಿಯೇ ಕತ್ತಲಿನ ಶಕ್ತಿಗಳನ್ನು ಕೂಗಿ ಕರೆದು, ತನ್ನ ಎದೆಯ ಹಾಲನ್ನು ಕಹಿಯಾದ ಪಿತ್ತವನ್ನಾಗಿ ಮಾಡಿರೆಂದು ಬೇಡಿಕೊಳ್ಳುತ್ತಾಳೆ. ಇಲ್ಲದ ವಸ್ತುವನ್ನು ತೆಗೆದುಬಿಡೆಂದು ಯಾರಾದರೂ ಬೇಡುವರೇ? ಹಾಲು ಇತ್ತು, ಆದುದರಿಂದಲೇ ಬೇಡಿದಳು. ಹುಟ್ಟು ಕ್ರೂರಿಗೆ ಕ್ರೌರ್ಯವನ್ನು ಯಾಚಿಸುವ ಅಗತ್ಯವೇ ಇಲ್ಲ. ಮಗುವಿಗೆ ಹಾಲೂಡಿಸಿದ ಸುಖವನ್ನು ತಾನು ಬಲ್ಲೆನೆಂದು ಇನ್ನೊಂದೆಡೆ ಆಕೆಯೇ ನುಡಿಯುತ್ತಾಳೆ. ಅದನ್ನು ನುಡಿಯುವುದು ಅತಿ ಘೋರವಾದ ಮಾತಿನ ನಡುವೆ. ಆದರೆ ತಾಯಿಯಾಗಿದ್ದ ಸಿಡನ್ಸಳು ಆ ಘೋರದೊಳಗಿನ ಪ್ರೀತಿಯನ್ನು ಗುರುತಿಸಿದಳು. ಕೊಲೆಯ ರಾತ್ರಿಯಲ್ಲಿಯೂ, ಮಲಗಿದ್ದ ಮುದುಕನು ತನ್ನ ತಂದೆಯಂತೆ ಕಾಣದಿದ್ದರೆ ತಾನೇ ಇರಿಯುತ್ತಿದ್ದೆನೆಂದು ಆಕೆಯು ಒಪ್ಪಿಕೊಳ್ಳುತ್ತಾಳೆ. ಒತ್ತಿ ಹಿಡಿದ ಹಾಲು ಅಲ್ಲಿ ಒಂದು ಹನಿ ಹೊರಗೆ ಬಂತು.

ಉಡುಪಿನ ಪ್ರತಿಮೆಯು ಗಂಡನನ್ನು ಕುರಿತದ್ದು. ಮ್ಯಾಕ್‌ಬೆತ್‌ಗೆ ಹೊಸ ಪದವಿ ಬಂದಾಗಲೆಲ್ಲ ಅದು ಇನ್ನೊಬ್ಬರಿಂದ ಎರವಲು ತಂದ ಬಟ್ಟೆಯಂತೆ ವರ್ಣಿತವಾಗುತ್ತದೆ. ಕೊನೆಗೆ ದೈತ್ಯನ ನಿಲುವಂಗಿಯನ್ನು ಕದ್ದು ತೊಟ್ಟ ಕುಳ್ಳನಂತೆ ಅವನು ತೋರುತ್ತಾನೆ. ಅವನಿಗೆ ಬೇಕಾದದ್ದು ಆಳುವ ಯೋಗ್ಯತೆಯಲ್ಲ, ಅರಸನ ತೋರಿಕೆ ಎಂಬುದು ಇದರಿಂದ ತಿಳಿಯುತ್ತದೆ. ಆಕೆಯಾದರೋ ಕಿರೀಟವನ್ನು ತನಗೆಂದು ಎಲ್ಲಿಯೂ ಕೇಳಿಕೊಳ್ಳುವುದಿಲ್ಲ. ಆಕೆಯ ಮಾತೆಲ್ಲವೂ ಗಂಡನಿಗೆ ದೊರೆಯಬೇಕಾದುದನ್ನು ಕುರಿತೇ ಇದೆ. ಪ್ರೀತಿಯೂ ವಿವೇಕವನ್ನು ಕಳೆದುಕೊಂಡರೆ ಎಂಥ ಪಾಪಕ್ಕೆ ಕೈಹಾಕಬಹುದೆಂಬುದನ್ನು ನಾವು ಇಲ್ಲಿ ಕಾಣುತ್ತೇವೆ.

ಒಂದು ಸಣ್ಣ ಮಾತಿಗಾಗಿ ಸಿಡನ್ಸಳು ಪಟ್ಟ ಶ್ರಮವನ್ನು ಇಲ್ಲಿ ಹೇಳಬೇಕು. ಸೋತರೆ ಗತಿಯೇನೆಂದು ಗಂಡನು ಶಂಕಿಸಿದಾಗ ಹೆಂಡತಿಯು ಎರಡೇ ಪದಗಳಲ್ಲಿ ಉತ್ತರ ಕೊಡುತ್ತಾಳೆ. ಆ ಎರಡು ಪದಗಳನ್ನು ಸಿಡನ್ಸಳು ಬೇರೆ ಬೇರೆ ಕಾಲಗಳಲ್ಲಿ ಮೂರು ವಿಧವಾಗಿ ನುಡಿದಳು. ಮೊದಲು ತಿರಸ್ಕಾರದ ಪ್ರಶ್ನೆಯಂತೆ. ಆಮೇಲೆ, ನಮ್ಮಂಥವರು ಸೋಲುವುದುಂಟೇ ಎಂಬ ಬೆರಗಿನ ಉದ್ಗಾರದಂತೆ. ಕೊನೆಗೆ, ತಗ್ಗಿದ ಗಟ್ಟಿ ದನಿಯಲ್ಲಿ, ಸೋತರೆ ಸೋತೆವು, ಅಲ್ಲಿಗೆ ತೀರಿತು ಎಂಬ ಪೂರ್ಣವಿರಾಮದಂತೆ. ಈ ಮೂರನೆಯ ವಿಧವೇ ಆಕೆಗೆ ಸ್ಥಿರವಾಗಿ ನಿಂತಿತು. ಮೊದಲನೆಯದರಲ್ಲಿ ಹೆಂಡತಿಯು ಗಂಡನನ್ನು ಹಂಗಿಸುವವಳು, ಎರಡನೆಯದರಲ್ಲಿ ಜಂಭಗಾತಿ, ಮೂರನೆಯದರಲ್ಲಿ, ನಾಶವು ಬಂದರೂ ಬರಲೆಂದು ಕಣ್ಣು ತೆರೆದುಕೊಂಡೇ ಹೆಜ್ಜೆಯಿಡುವವಳು. ವಿರಾಮಚಿಹ್ನೆಯೊಂದು ಬದಲಾದರೆ ಮನುಷ್ಯಳೇ ಬದಲಾಗುತ್ತಾಳೆ. ವಿರಾಮಚಿಹ್ನೆಗಳ ಪಾಠದಲ್ಲಿ ಆಕಳಿಸುತ್ತಿದ್ದ ನಮ್ಮ ಹಳೆಯ ವಿದ್ಯಾರ್ಥಿನಿಯರು ಇದನ್ನು ಗಮನಿಸಬೇಕು.

ಈಗ 1785ರ ಆ ರಾತ್ರಿಗೆ ಬರೋಣ. ನಿದ್ರೆಯಲ್ಲಿ ನಡೆಯುವ ದೃಶ್ಯದಲ್ಲಿ ನಟಿಯು ದೀಪವನ್ನು ಕೈಯಲ್ಲಿ ಹಿಡಿದೇ ಇರಬೇಕೆಂಬುದು ಸಂಪ್ರದಾಯ. ಹಿಂದಿನ ತಲೆಮಾರಿನ ಪ್ರಖ್ಯಾತ ನಟಿಯಾದ ಶ್ರೀಮತಿ ಪ್ರಿಚರ್ಡಳು ಅದನ್ನು ಎಂದೂ ಕೆಳಗಿಟ್ಟವಳಲ್ಲ. ಆ ಪ್ರಿಚರ್ಡಳು ತನ್ನ ಪಾತ್ರದ ಮಾತುಗಳ ಹೊರತು ನಾಟಕವನ್ನು ಪೂರ್ತಿಯಾಗಿ ಓದಿಯೇ ಇರಲಿಲ್ಲವೆಂದು ಡಾಕ್ಟರ್ ಜಾನ್ಸನ್ ಹೇಳಿದ್ದುಂಟು. ಸಿಡನ್ಸಳು ದೀಪವನ್ನು ಕೆಳಗಿಡಲು ನಿಶ್ಚಯಿಸಿದ್ದಾಳೆಂಬ ಸುದ್ದಿಯನ್ನು ಕೇಳಿ ನಾಟಕಶಾಲೆಯ ಯಜಮಾನನಾದ ಷೆರಿಡನ್ ಗಾಬರಿಯಿಂದ ಆಕೆಯ ಉಡುಪಿನ ಕೋಣೆಗೆ ಧಾವಿಸಿ ಬಂದನು. ಇದನ್ನು ಜನರು ಉದ್ಧಟತನವೆಂದು ಎಣಿಸುವರೆಂದು ಎಚ್ಚರಿಸಿದನು. ಒಂದು ಕೈಯಲ್ಲಿ ದೀಪವಿದ್ದರೆ ಎರಡು ಕೈಗಳನ್ನು ತೊಳೆಯುವುದು ಹೇಗೆಂದು ಆಕೆಯು ಕೇಳಿದಳು. ಅವನಲ್ಲಿ ಆಕೆಗೆ ಗೌರವವಿತ್ತು. ಆದರೆ ವೇಳೆಯು ಮೀರಿತ್ತು, ಮನಸ್ಸೂ ಒಪ್ಪಲಿಲ್ಲ. ರಂಗಕ್ಕೆ ಬಂದಳು, ದೀಪವನ್ನು ಮೇಜಿನ ಮೇಲಿಟ್ಟಳು, ಕಾಣದ ನೀರಿನಲ್ಲಿ ಕಾಣದ ರಕ್ತವನ್ನು ತೊಳೆದಳು. ನಾಟಕಶಾಲೆಯೆಲ್ಲ ಉಸಿರು ಬಿಗಿಹಿಡಿದು ನೋಡಿತು. ಆಟವು ಮುಗಿದ ಮೇಲೆ ಮೊದಲು ಬಂದು ಅಭಿನಂದಿಸಿದವರಲ್ಲಿ ಷೆರಿಡನನೂ ಒಬ್ಬನು.

ಇದು ಬರಿಯ ಅನುಕೂಲದ ಮಾತಲ್ಲ. ಕೊಲೆಗೆ ಮುಂಚೆ ಈಕೆಯು ದಟ್ಟವಾದ ಕತ್ತಲೆಯು ಬಂದು ಎಲ್ಲವನ್ನೂ ಮುಚ್ಚಲೆಂದು ಪ್ರಾರ್ಥಿಸಿದ್ದಳು. ಈಗ ಹಾಸಿಗೆಯ ಬಳಿಯಲ್ಲಿ ಇರುಳೆಲ್ಲ ದೀಪವು ಉರಿಯುತ್ತಿರಬೇಕೆಂದು ಆಕೆಯದೇ ಅಪ್ಪಣೆ. ಕತ್ತಲೆಯನ್ನು ಕರೆದವಳು ಕತ್ತಲೆಗೆ ಅಂಜುತ್ತಾಳೆ. ಕೊಲೆ ನಡೆದ ಕೂಡಲೆ ಗಂಡನು ತನ್ನ ಕೈಯನ್ನು ನೋಡಿ, ಸಮುದ್ರದ ನೀರೆಲ್ಲವೂ ಇದನ್ನು ತೊಳೆಯಲಾರದೆಂದು ಹಲುಬಿದಾಗ, ಸ್ವಲ್ಪ ನೀರು ಸಾಕೆಂದು ಆಕೆಯು ಸಮಾಧಾನ ಹೇಳಿದ್ದಳು. ಆ ಸ್ವಲ್ಪ ನೀರು ಸಾಲಲಿಲ್ಲವೆಂಬುದೇ ಈ ದೃಶ್ಯ. ಆದುದರಿಂದ ತೊಳೆಯುವ ಕೈಗಳೇ ಇಲ್ಲಿ ಮುಖ್ಯವಾದುವು. ಆಕೆಯ ಮರಣವಾರ್ತೆಯನ್ನು ಕೇಳಿದಾಗ ಗಂಡನು ಬಾಳನ್ನೇ ಬೇಗ ಆರಿಹೋಗುವ ಬತ್ತಿಗೆ ಹೋಲಿಸುತ್ತಾನೆ. ಕವಿಯು ಹೀಗೆ ದೀಪ, ಕತ್ತಲೆ, ನೀರು, ನೆತ್ತರುಗಳನ್ನು ಒಂದೇ ಹೊಸೆದ ಹಗ್ಗವನ್ನಾಗಿ ಮಾಡಿದ್ದಾನೆ. ಒಂದೇ ಪಾತ್ರದ ಮಾತನ್ನು ಓದಿದವಳಿಗೆ ಇದು ಸಿಕ್ಕದು. ಇಡೀ ನಾಟಕವನ್ನು ಓದಿದವಳಿಗೆ ಮಾತ್ರ ಸಿಕ್ಕುವುದು.

ಅಂದಿನ ಆಟವು ಮುಗಿದು ಉಡುಪನ್ನು ಕಳಚುವಾಗ ನಡೆದ ಒಂದು ವಿನೋದವನ್ನು ಸಿಡನ್ಸಳೇ ಬರೆದಿದ್ದಾಳೆ. ಕನ್ನಡಿಯ ಮುಂದೆ ನಿಂತು, ರಕ್ತದ ವಾಸನೆಯನ್ನು ಕುರಿತ ಮಾತನ್ನು ಯಾವ ದನಿಯಲ್ಲಿ ಹೇಳಬೇಕಾಗಿತ್ತೆಂದು ತನ್ನಷ್ಟಕ್ಕೆ ಮತ್ತೆ ನುಡಿಯುತ್ತಿರಲು, ಉಡುಪು ತೊಡಿಸುವ ಸೇವಕಿಯು ಗಾಬರಿಪಟ್ಟು, ಅಮ್ಮಾ, ಅದು ರಕ್ತವಲ್ಲ, ಕೆಂಪು ಬಣ್ಣವನ್ನು ನೀರಿನಲ್ಲಿ ಕಲಸಿದ್ದು, ಕಲಸಿದ್ದನ್ನು ನಾನೇ ಕಣ್ಣಾರೆ ಕಂಡೆನೆಂದು ಸಮಾಧಾನಪಡಿಸಿದಳಂತೆ. ಪಾಪ, ಆ ಸೇವಕಿಯು ಸುಳ್ಳು ಹೇಳಲಿಲ್ಲ. ಆದರೆ ರುದ್ರನಾಟಕವನ್ನು ಆಕೆಯಂತೆ ಓದುವವರು ನಮ್ಮಲ್ಲಿಯೂ ಬಹಳ ಮಂದಿ. ಬಣ್ಣ ನೀರು ಕಾಣುತ್ತದೆ. ಅದು ಯಾರ ಮನಸ್ಸಿನಲ್ಲಿ ಏನಾಗಿದೆಯೆಂಬುದು ಕಾಣುವುದಿಲ್ಲ.

ಸಿಡನ್ಸಳ ಎಲ್ಲ ಅಭಿಪ್ರಾಯಗಳನ್ನೂ ನಾವು ಒಪ್ಪಬೇಕಾಗಿಲ್ಲ. ಔತಣದ ದೃಶ್ಯದಲ್ಲಿ ಮ್ಯಾಕ್‌ಬೆತ್ ಕೊಲ್ಲಿಸಿದ ಮಿತ್ರನ ಪ್ರೇತವು ಅವನಿಗೆ ಕಾಣಿಸಿಕೊಳ್ಳುವುದಷ್ಟೆ. ಆ ಪ್ರೇತವನ್ನು ಹೆಂಡತಿಯೂ ಕಾಣುತ್ತಾಳೆ, ಕಂಡರೂ ಗಂಡನನ್ನು ಕಾಪಾಡಲು ಅದನ್ನು ಅಡಗಿಸಿಕೊಳ್ಳುತ್ತಾಳೆ ಎಂದು ಆಕೆಯು ಬರೆದಳು. ಕವಿಯ ಮಾತಿನಲ್ಲಿ ಇದಕ್ಕೆ ಆಧಾರವು ನಮಗೆ ಕಾಣದು. ಆದರೆ ತನ್ನ ಸಂಕಟವನ್ನು ನುಂಗಿಕೊಂಡು ಗಂಡನಿಗೆ ಧೈರ್ಯ ಹೇಳುವ ಒಬ್ಬ ಹೆಂಡತಿಯನ್ನು ಆ ದೃಶ್ಯದಲ್ಲಿ ಕಂಡದ್ದು ಸರಿಯೇ. ಗಂಡನು ತನ್ನ ಭಯವನ್ನು ಹೇಳಿ ಹೇಳಿ ಹಗುರಾದನು; ಆಕೆಯು ಯಾರಿಗೂ ಹೇಳದೆ ಹೇಳದೆ ಕುಸಿದಳು. ಕೊನೆಗೆ ನಿದ್ರೆಯು ಆಕೆಯ ಬಾಯನ್ನು ಬಿಡಿಸಿತು.

ನುಂಗಿಕೊಂಡ ಸಂಕಟವು ಸಿಡನ್ಸಳಿಗೂ ಹೊಸದಾಗಿರಲಿಲ್ಲ. ಏಳು ಮಕ್ಕಳನ್ನು ಹೆತ್ತು, ಐವರನ್ನು ತನ್ನ ಕಣ್ಣ ಮುಂದೆಯೇ ಕಳೆದುಕೊಂಡಳು. ಮಗಳು ಮರಾಯಳು 1798ರಲ್ಲಿ ಹತ್ತೊಂಬತ್ತನೆಯ ವಯಸ್ಸಿನಲ್ಲಿ ತೀರಿಕೊಂಡಳು. ಹಿರಿಯ ಮಗಳಾದ ಸ್ಯಾಲಿಯು 1803ರಲ್ಲಿ ಅಸ್ವಸ್ಥಳಾದಾಗ ತಾಯಿಯು ಸಂಪಾದನೆಗಾಗಿ ಐರ್ಲೆಂಡಿನಲ್ಲಿದ್ದಳು. ಹೊರಟು ಬರುವಷ್ಟರಲ್ಲಿ ಮಗಳ ಮುಖವನ್ನು ಕಾಣುವ ಭಾಗ್ಯವೂ ಇಲ್ಲವಾಯಿತು. ಇನ್ನೊಬ್ಬ ಮಗ ಜಾರ್ಜನು ನಮ್ಮ ದೇಶದ ಬಂಗಾಳಕ್ಕೆ ಕಂಪನಿಯ ಉದ್ಯೋಗಿಯಾಗಿ ಬಂದನು. ಗಂಡನು 1808ರಲ್ಲಿ ಬಾತ್ ನಗರದಲ್ಲಿ ಗತಿಸಿದನು. ಈ ದುಃಖಗಳ ನಡುವೆಯೇ ಆಕೆಯು ರಂಗದ ಮೇಲೆ ಇತರರ ದುಃಖವನ್ನು ಅಭಿನಯಿಸಬೇಕಾಗಿತ್ತು. ಎಂಟನೆಯ ಹೆನ್ರಿಯ ನಾಟಕದಲ್ಲಿ ಅನ್ಯಾಯಕ್ಕೊಳಗಾದ ಕ್ಯಾಥರಿನ್ ರಾಣಿಯ ಪಾತ್ರವು ಆಕೆಗೆ ಎಲ್ಲಕ್ಕಿಂತ ಸಹಜವಾಗಿ ತೋರುತ್ತಿತ್ತು.

1812ನೆಯ ಜೂನ್ 29ನೆಯ ತಾರೀಖಿನಲ್ಲಿ ಕಾವೆಂಟ್ ಗಾರ್ಡನ್ ನಾಟಕಶಾಲೆಯಲ್ಲಿ ಆಕೆಯು ರಂಗಭೂಮಿಯಿಂದ ಬೀಳ್ಕೊಂಡಳು. ಅಂದೂ ಮ್ಯಾಕ್‌ಬೆತ್ ನಾಟಕವೇ. ನಿದ್ರೆಯಲ್ಲಿ ನಡೆಯುವ ದೃಶ್ಯವು ಮುಗಿದಾಗ ಚಪ್ಪಾಳೆಯು ನಿಲ್ಲಲೇ ಇಲ್ಲ. ನಾಟಕವು ಮುಂದೆ ಸಾಗುವುದು ಬೇಡವೆಂದು ಪ್ರೇಕ್ಷಕರು ಹಟ ಹಿಡಿದರು. ತೆರೆ ಬಿತ್ತು. ಸ್ವಲ್ಪ ಹೊತ್ತಿನ ಮೇಲೆ ಬಿಳಿಯ ಉಡುಪನ್ನು ಧರಿಸಿ ತಾನಾಗಿಯೇ ಬಂದು, ಕಣ್ಣೀರಿಡುತ್ತ ಎಲ್ಲರಿಗೂ ವಂದಿಸಿದಳು. ಇಪ್ಪತ್ತರ ವಯಸ್ಸಿನಲ್ಲಿ ದೀಪ ಹಿಡಿದು ಮೆಟ್ಟಿಲ ಮೇಲೆ ಓಡಿದ ಹುಡುಗಿಗೆ ಅಂದು ಐವತ್ತಾರು ಮುಗಿಯುತ್ತ ಬಂದಿತ್ತು. ಮೂವತ್ತಾರು ವರ್ಷಗಳ ಕಾಲ ಒಂದೇ ಪಾತ್ರವನ್ನು ಮತ್ತೆ ಮತ್ತೆ ವಿಚಾರಿಸಿದರೂ ಅದು ತೀರಲಿಲ್ಲ. ಆ ಮೇಲೆ ಮನೆಯಲ್ಲಿಯೂ ಸಭೆಗಳಲ್ಲಿಯೂ ಶೇಕ್ಸ್‌ಪಿಯರನನ್ನೂ ಮಿಲ್ಟನನನ್ನೂ ಓದಿ ಹೇಳುತ್ತಿದ್ದಳು. 1822ರಲ್ಲಿ ಮಿಲ್ಟನನ ಮಹಾಕಾವ್ಯವನ್ನು ಎಳೆಯರಿಗಾಗಿ ಸಂಗ್ರಹಿಸಿ ಅಚ್ಚು ಹಾಕಿಸಿದಳು. 1831ನೆಯ ಜೂನ್ 8ನೆಯ ತಾರೀಖಿನಲ್ಲಿ ಲಂಡನಿನಲ್ಲಿ ದೈವಾಧೀನಳಾದಳು. ಪ್ಯಾಡಿಂಗ್‌ಟನ್ನಿನ ಸಂತ ಮೇರಿಯ ದೇವಾಲಯದ ಅಂಗಳದಲ್ಲಿ ಆಕೆಯ ಸಮಾಧಿಯಿದೆ. ಸಮೀಪದಲ್ಲಿಯೇ 1897ರಲ್ಲಿ ಆಕೆಯ ಪ್ರತಿಮೆಯನ್ನು ಸ್ಥಾಪಿಸಿದರು.

ಈ ಚರಿತ್ರೆಯನ್ನು ತರಗತಿಯಲ್ಲಿ ಹೇಳಿ ಮುಗಿಸಿದಾಗ ಒಬ್ಬ ಹುಡುಗಿಯು ಎದ್ದು ನಿಂತು, ಕಾರಣ ತಿಳಿದರೆ ಅವಳನ್ನು ಕ್ಷಮಿಸಿಬಿಡಬೇಕೇ ಎಂದು ಕೇಳಿದಳು. ಪ್ರಶ್ನೆಯು ಚಿಕ್ಕದಲ್ಲ. ಸ್ವಲ್ಪ ಹೊತ್ತು ಯೋಚಿಸಿ ನಾವು ಕೊಟ್ಟ ಉತ್ತರವಿಷ್ಟೆ: ಕವಿಯು ಅವಳನ್ನು ಕ್ಷಮಿಸಲಿಲ್ಲ, ಮಾಡಿದ ಪಾಪಕ್ಕೆ ಫಲವನ್ನು ಉಣ್ಣಿಸಿದನು. ಆದರೆ ಅವಳು ನಮ್ಮಂಥ ಮನುಷ್ಯಳೇ ಎಂಬುದನ್ನು ಮರೆಮಾಚಲೂ ಇಲ್ಲ. ರಾಕ್ಷಸಿಯೆಂದು ಕರೆದುಬಿಟ್ಟರೆ ನಮಗೆ ನಿಶ್ಚಿಂತೆ; ರಾಕ್ಷಸರು ಮಾಡುವುದನ್ನು ನಾವು ಮಾಡಲಾರೆವಷ್ಟೆ. ಮನುಷ್ಯಳೆಂದು ಒಪ್ಪಿಕೊಂಡರೆ ನಮ್ಮ ಎದೆಯನ್ನೂ ನಾವು ಪರೀಕ್ಷಿಸಿಕೊಳ್ಳಬೇಕಾಗುವುದು. ಹುಡುಗಿಯು ಕುಳಿತುಕೊಂಡಳು, ಒಪ್ಪಿದಳೋ ಇಲ್ಲವೋ ತಿಳಿಯದು. ಆ ವರ್ಷದ ಅವಳ ಉತ್ತರಪತ್ರಿಕೆಯಲ್ಲಿ ಮಾತ್ರ ರಾಕ್ಷಸಿಯೆಂಬ ಪದವಿರಲಿಲ್ಲ.

ತಾಯಿತಂದೆಗಳಲ್ಲಿ ನಮ್ಮ ಬಿನ್ನಹವೂ ಇದೇ. ನಿಮ್ಮ ಮಗಳು ಎದುರುತ್ತರ ಕೊಟ್ಟಳೆಂದೋ, ಮಾತು ಬಿಟ್ಟು ಮೂಲೆ ಸೇರಿದಳೆಂದೋ ಹೆಸರಿಡುವುದಕ್ಕೆ ಮೊದಲು, ಏಕೆಂದು ಕೇಳಿರಿ. ಅವಳ ಉತ್ತರವು ನೇರವಾಗಿ ಬಾರದಿರಬಹುದು. ಹೊಟ್ಟೆನೋವೆಂದೋ, ಶಾಲೆ ಬೇಸರವೆಂದೋ, ಕತ್ತಲೆಗೆ ಹೆದರಿಕೆಯೆಂದೋ ಬರಬಹುದು. ಅದನ್ನು ಬಿಡಿಸಿ ಕೇಳುವ ತಾಳ್ಮೆ ಬೇಕು. ನಮ್ಮ ಹಳೆಯ ವಿದ್ಯಾರ್ಥಿನಿಯರೇ, ನೀವು ಈಗ ಮನೆಗಳನ್ನೂ ಕಚೇರಿಗಳನ್ನೂ ಆಸ್ಪತ್ರೆಗಳನ್ನೂ ತರಗತಿಗಳನ್ನೂ ನಡೆಸುತ್ತಿದ್ದೀರಿ. ನಿಮ್ಮೆದುರು ಬಂದು ನಿಲ್ಲುವವರ ನಡತೆಗೆ ಕಾರಣವು ಅವರ ಮುಖದ ಮೇಲೆ ಬರೆದಿರುವುದಿಲ್ಲ. ಶಾಲೆಯಲ್ಲಿ ಕಲಿತ ಉಪಮೆ ರೂಪಕಗಳ ಲಕ್ಷಣವನ್ನು ನೀವು ಮರೆತಿದ್ದರೂ ಚಿಂತೆಯಿಲ್ಲ. ಒಬ್ಬರ ಮಾತಿನ ಕೆಳಗಿರುವುದನ್ನು ಆಲಿಸುವ ಅಭ್ಯಾಸವು ಉಳಿದಿದ್ದರೆ ನಮ್ಮ ಪಾಠವು ವ್ಯರ್ಥವಾಗಲಿಲ್ಲವೆಂದು ತಿಳಿಯುತ್ತೇವೆ. ಹಳೆಯ ಪುಸ್ತಕದ ಪೆಟ್ಟಿಗೆಯಲ್ಲಿ ಆ ನಾಟಕದ ಪ್ರತಿಯು ಇನ್ನೂ ಇದ್ದರೆ, ಒಂದು ಸಂಜೆ ಅದನ್ನು ಹೊರಗೆ ತೆಗೆದು ಮೊದಲಿನಿಂದ ಕೊನೆಯವರೆಗೆ ಓದಿರಿ. ಈ ಸಲ ಪರೀಕ್ಷೆಯಿಲ್ಲ.